ಬೆಂಗಳೂರಿನ ಶಾಸನಗಳೂ ನಗರಚರಿತ್ರೆಯ ಲೋಕಪ್ರಚಾರವೂ: ಬೈರಮಂಗಲದ ಕಡೆಯಿಂದ ಒಂದು ವಿಮರ್ಶೆ

ನಗರವೊಂದರ ಚರಿತ್ರೆಯನ್ನು ಬರೆಯುವುದು ಒಂದು ಕಾರ್ಯ. ಬರೆದುದನ್ನು ಆ ನಗರದಲ್ಲಿ ವಾಸಮಾಡುವವರ ಮನಸ್ಸಿಗೆ ಮುಟ್ಟಿಸುವುದು ಮತ್ತೊಂದು ಕಾರ್ಯ. ಮೊದಲನೆಯದಕ್ಕೆ ಪಾಂಡಿತ್ಯ ಸಾಕು. ಎರಡನೆಯದಕ್ಕೆ ಪಾಂಡಿತ್ಯದೊಡನೆ ಲೋಕಪರಿಚಯವೂ ತಾಳ್ಮೆಯೂ ಬೇಕು. ಕನ್ನಡನಾಡಿನಲ್ಲಿ ಈ ಎರಡು ಕಾರ್ಯಗಳು ಬಹುಕಾಲ ಬೇರೆಬೇರೆ ಕೈಗಳಲ್ಲಿಯೇ ನಡೆದುವು. ವಿದ್ವಾಂಸರ ಗ್ರಂಥಗಳು ವಿದ್ವಾಂಸರ ಕಪಾಟುಗಳಲ್ಲಿ ನಿಂತುವು. ಜನರಲ್ಲಿ ಹರಡಿದುದು ಪ್ರಮಾಣವಿಲ್ಲದ ಕಥೆಗಳು. ಈ ಎರಡನ್ನೂ ಕೂಡಿಸಲು ಯತ್ನಿಸಿದವರಲ್ಲಿ ಬೆಂಗಳೂರಿನ ಪಿ. ಎಲ್. ಉದಯಕುಮಾರರ ಹೆಸರು ಈಗ ಮುಖ್ಯವಾಗಿ ಕೇಳಿಬರುತ್ತಿದೆ. ಅವರ ಕಾರ್ಯದ ಗುಣವೇನು, ಅದರ ಎಲ್ಲೆ ಯಾವುದು, ಆ ಎಲ್ಲೆಯನ್ನು ಮುಂದಕ್ಕೆ ಸರಿಸುವ ಬಗೆ ಹೇಗೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಅವರಿಗಿಂತ ಹಿಂದೆ ನಡೆದ ಕೆಲಸವನ್ನು ಮೊದಲು ನೆನೆಯುವುದು ನ್ಯಾಯ. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಸಾಹೇಬರು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವನ್ನು ೧೯೦೫ರಲ್ಲಿ ಹೊರತಂದರು. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳೆಲ್ಲ ಅದರಲ್ಲಿ ಸೇರಿವೆ. ಕನ್ನಡ ಮೂಲ, ರೋಮನ್ ಲಿಪ್ಯಂತರ, ಇಂಗ್ಲಿಷ್ ಭಾಷಾಂತರ ಎಂಬ ಮೂರು ಭಾಗಗಳುಳ್ಳ ಆ ಸಂಪುಟವಿಲ್ಲದೆ ಮುಂದಿನ ಯಾವ ಕೆಲಸವೂ ಸಾಧ್ಯವಾಗುತ್ತಿರಲಿಲ್ಲ. ಅವರ ತರುವಾಯ ಬಂದ ಆರ್. ನರಸಿಂಹಾಚಾರ್ಯರು (೧೮೬೦–೧೯೩೬) ಮೈಸೂರು ಪುರಾತತ್ತ್ವ ಇಲಾಖೆಯಲ್ಲಿ ಆ ಕೆಲಸವನ್ನು ಇನ್ನೂ ಸೂಕ್ಷ್ಮವಾಗಿ ಮುಂದುವರಿಸಿದರು. ಮಾಗಡಿಯ ಕೆಂಪೇಗೌಡ ವಂಶದ ಪ್ರಭುಗಳನ್ನು ಕುರಿತ ಬಿ. ಪುಟ್ಟಯ್ಯನವರ ಲೇಖನವು ೧೯೨೩ರಲ್ಲಿ ಮಿಥಿಕ್ ಸೊಸೈಟಿಯ ತ್ರೈಮಾಸಿಕದಲ್ಲಿ ಪ್ರಕಟವಾಯಿತು. ಎಂ. ಫಜ್ಲುಲ್ ಹಸನ್ ಅವರ ಬೆಂಗಳೂರಿನ ಚರಿತ್ರೆ ೧೯೭೦ರಲ್ಲಿಯೂ, ಟಿ. ವಿ. ಅಣ್ಣಾಸ್ವಾಮಿಯವರದು ೨೦೦೩ರಲ್ಲಿಯೂ ಹೊರಬಂದುವು. ಭೂಮಿ, ದುಡಿಮೆ, ಯೋಜನೆ, ಭಾಷೆ ಇವುಗಳ ಮೂಲಕ ಇಪ್ಪತ್ತನೆಯ ಶತಮಾನದ ಬೆಂಗಳೂರನ್ನು ಪರಿಶೀಲಿಸಿದ ಜಾನಕಿ ನಾಯರ್ ಅವರ ಗ್ರಂಥವು ೨೦೦೫ರದು. ಇವೆಲ್ಲವೂ ಬೆಲೆಯುಳ್ಳ ಗ್ರಂಥಗಳೇ. ಆದರೆ ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಬೇಗೂರಿನ, ಹೆಬ್ಬಾಳದ ನಿವಾಸಿಗಳು ತಮ್ಮ ಬೀದಿಯಲ್ಲಿ ನಿಂತ ಕಲ್ಲಿನ ಮೇಲೆ ಏನಿದೆ ಎಂಬುದನ್ನು ಇವುಗಳಿಂದ ತಿಳಿದುಕೊಂಡುದು ಅಪರೂಪ.

ಇದರ ಫಲವನ್ನು ಒಂದು ದೃಷ್ಟಾಂತದಿಂದ ಕಾಣಬಹುದು. ಹೊಯ್ಸಳ ಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ ಬಂದು ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳನ್ನು ತಿಂದನೆಂದೂ, ಅದರಿಂದ ಊರಿಗೆ 'ಬೆಂದಕಾಳೂರು' ಎಂದು ಹೆಸರಾಯಿತೆಂದೂ ಹೇಳುವ ಕಥೆಯನ್ನು ಅರಿಯದವರಿಲ್ಲ. ಬಲ್ಲಾಳನು ಹನ್ನೆರಡನೆಯ ಶತಮಾನದ ಕೊನೆಯವನು. ಬೇಗೂರಿನ ವೀರಗಲ್ಲಿನ ಶಾಸನವಾದರೋ ಒಂಬತ್ತನೆಯ ಶತಮಾನದ ಕೊನೆಯದು. ಅದರಲ್ಲಿ ಬೆಂಗಳೂರಿನ ಕಾಳಗವು ಸ್ಪಷ್ಟವಾಗಿ ಉಕ್ತವಾಗಿದೆ. ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷಗಳ ಹಿಂದೆಯೇ ಇದ್ದ ಹೆಸರು ಅವನ ಊಟದಿಂದ ಹುಟ್ಟಿರಲಾರದು. ಇಷ್ಟು ನಿಸ್ಸಂದಿಗ್ಧವಾದ ಪ್ರಮಾಣವು ವಿದ್ವಾಂಸರಿಗೆ ತಿಳಿದು ಒಂದು ಶತಮಾನವೇ ಕಳೆದಿದ್ದರೂ ಕಥೆಯು ಪಾಠಶಾಲೆಗಳಲ್ಲಿ ನಡೆದೇ ಇದೆ. ಹೇಳಿದವನು ಯಾರೆಂದು ತಿಳಿಯದ, 'ಹೀಗಂತೆ' ಎಂದು ಪರಂಪರೆಯಿಂದ ಬಂದ ಮಾತನ್ನು ನೈಯಾಯಿಕರು ಐತಿಹ್ಯವೆಂದು ಕರೆದು, ಅದಕ್ಕೆ ಸ್ವತಂತ್ರಪ್ರಮಾಣದ ಸ್ಥಾನವನ್ನು ಕೊಡದೆ ಶಬ್ದಪ್ರಮಾಣದೊಳಗೆ ಅಡಗಿಸಿದರು. ಆಪ್ತನ ಮಾತಾದರೆ ಮಾತ್ರವೇ ಅದು ಗ್ರಾಹ್ಯ. ನಗರಚರಿತ್ರೆಯಲ್ಲಿ ಆಪ್ತನ ಸ್ಥಾನದಲ್ಲಿ ನಿಲ್ಲತಕ್ಕುದು ಶಿಲೆ. ಆದರೆ ಶಿಲೆಯು ತಾನಾಗಿ ನುಡಿಯುವುದಿಲ್ಲ, ಅದನ್ನು ಓದಿ ಹೇಳುವವರು ಬೇಕು.

ಉದಯಕುಮಾರರು ಶಾಸನಶಾಸ್ತ್ರವನ್ನು ವಿದ್ಯಾಲಯದಲ್ಲಿ ಅಭ್ಯಾಸಮಾಡಿ ಬಂದವರಲ್ಲ. ವೃತ್ತಿಯಿಂದ ಯಂತ್ರಶಿಲ್ಪದ ಎಂಜಿನಿಯರು. ೨೦೧೭ರಿಂದ ಅವರು ಸಮಾನಾಸಕ್ತರಾದ ನಾಗರಿಕರೊಡನೆ ಸೇರಿ ಬೆಂಗಳೂರಿನ ಶಾಸನಶಿಲೆಗಳನ್ನು ಹುಡುಕುವ ಕೆಲಸಕ್ಕೆ ಕೈಯಿಟ್ಟರು. ವಿಧಾನವು ಸರಳವಾದುದು. ರೈಸ್ ಸಾಹೇಬರ ಸಂಪುಟದಲ್ಲಿ ಇಂಥ ಗ್ರಾಮದ ಇಂಥ ಹೊಲದಲ್ಲಿ, ಇಂಥ ಗುಡಿಯ ಮುಂದೆ ಎಂದು ಉಲ್ಲೇಖವಿರುತ್ತದೆ. ಆ ಗ್ರಾಮವು ಈಗ ಬಡಾವಣೆ; ಆ ಹೊಲದಲ್ಲಿ ಈಗ ಮನೆಗಳು. ಗ್ರಂಥವನ್ನು ಹಿಡಿದು ಅಲ್ಲಿಗೆ ಹೋಗಿ, ಹಿರಿಯರನ್ನು ವಿಚಾರಿಸಿ, ಕಲ್ಲು ಇದೆಯೇ ಇಲ್ಲವೇ ಎಂಬುದನ್ನು ನಿಶ್ಚಯಿಸಬೇಕು. ಇದ್ದರೆ ಅದರ ಸ್ಥಾನವನ್ನು ಎಲ್ಲರೂ ನೋಡಬಹುದಾದ ನಕ್ಷೆಯಲ್ಲಿ ಗುರುತಿಸಬೇಕು. ಅದರಲ್ಲಿ ಬರೆದಿರುವುದನ್ನು ಸುತ್ತಲಿನವರಿಗೆ ತಿಳಿಯುವ ಕನ್ನಡದಲ್ಲಿ ಹೇಳಬೇಕು. ಹೀಗೆ ಹೊರಟಾಗ ರೈಸರ ಕಾಲದಲ್ಲಿ ನಿಂತಿದ್ದ ಎಷ್ಟೋ ಕಲ್ಲುಗಳು ಈಗಿಲ್ಲವೆಂಬುದು ಸ್ಪಷ್ಟವಾಯಿತು. ಕೆಲವು ರಸ್ತೆಯ ಕೆಳಗೆ ಹೋದುವು. ಕೆಲವು ತಳಪಾಯಕ್ಕೆ ಸೇರಿದುವು. ಉಳಿದವುಗಳ ರಕ್ಷಣೆಗೆ ಕಾನೂನಿಗಿಂತ ಹೆಚ್ಚಾಗಿ ನೆರೆಹೊರೆಯವರ ತಿಳಿವಳಿಕೆಯೇ ಆಧಾರವೆಂಬುದೂ ಸ್ಪಷ್ಟವಾಯಿತು.

ಈ ಪ್ರಯತ್ನದ ಫಲಗಳಲ್ಲಿ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಪ್ರಸಿದ್ಧವಾದುದು. ೨೦೧೮ರ ಸುಮಾರಿನಲ್ಲಿ ಚರಂಡಿಗಾಗಿ ನೆಲವನ್ನು ಅಗೆದಾಗ ಈ ಶಿಲೆ ಬೆಳಕಿಗೆ ಬಂದಿತು. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. ೭೫೦ರ ಶಾಸನವಿದು, ರಟ್ಟರ ದಾಳಿಯ ಸಂದರ್ಭದಲ್ಲಿ ಕಾದಿ ಮಡಿದ ಕಿತ್ತಯ್ಯನ ಸ್ಮಾರಕ. ಬೆಂಗಳೂರಿನಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಅತಿಪ್ರಾಚೀನವಾದವುಗಳ ಸಾಲಿಗೆ ಇದು ಸೇರುತ್ತದೆ. ಇದರಲ್ಲಿ 'ಪೆರ್ಬೊೞಲ್ನಾಡು ಮೂವತ್ತು' ಎಂಬ ವಿಭಾಗದ ಹೆಸರಿದೆ. ಪೆರ್ ಎಂದರೆ ಹಿರಿದು. ಪೊೞಲ್ ಎಂದರೆ ಪಟ್ಟಣ. ಸಮಾಸದಲ್ಲಿ ಉತ್ತರಪದದ ಪಕಾರಕ್ಕೆ ಬಕಾರವು ಆದೇಶವಾಗಿ ಬರುವುದು ಕೇಶಿರಾಜನ ವ್ಯಾಕರಣವನ್ನು ಓದಿದವರಿಗೆ ಪರಿಚಿತವೇ. ಅನಂತರದ ಕನ್ನಡದಲ್ಲಿ ಆದಿಯ ಪಕಾರವು ಹಕಾರವಾಗಿ, ರೇಫವು ಮುಂದಿನ ವ್ಯಂಜನದಲ್ಲಿ ಲೀನವಾಗಿ, 'ಪೆರ್ಬಾಗಿಲ್' ಎಂಬುದು 'ಹೆಬ್ಬಾಗಿಲು' ಆದಂತೆ ಪೆರ್ಬೊೞಲ್ ಹೆಬ್ಬೊಳಲಾಗಿ ಕ್ರಮೇಣ ಹೆಬ್ಬಾಳವಾಯಿತು. ಹೊಳಲ್ಕೆರೆ ಮೊದಲಾದ ಹೆಸರುಗಳಲ್ಲಿ ಈ ಪೊೞಲ್ ಶಬ್ದವು ಇಂದಿಗೂ ಉಳಿದಿದೆ. ಹೀಗೆ ಎಂಟನೆಯ ಶತಮಾನದಲ್ಲಿಯೇ 'ಹಿರಿಯ ಪಟ್ಟಣ'ವೆಂದು ಕರೆಸಿಕೊಂಡ ಊರೊಂದು ಇಂದಿನ ನಗರದ ಎಲ್ಲೆಯೊಳಗೆ ಇದ್ದಿತೆಂದಾಯಿತು. ನಗರದ ಚರಿತ್ರೆಯು ೧೫೩೭ರಲ್ಲಿ ಕೆಂಪೇಗೌಡನು ಕಟ್ಟಿಸಿದ ಮಣ್ಣಿನ ಕೋಟೆಯಿಂದಲೇ ಆರಂಭವಾಗುವುದೆಂಬ ಸಾಮಾನ್ಯಗ್ರಹಿಕೆಗೆ ಇದೊಂದು ತಿದ್ದುಪಡಿ. ಕೆಂಪೇಗೌಡನ ಕೀರ್ತಿಗೆ ಇದರಿಂದ ಕುಂದಿಲ್ಲ. ಅವನು ಬರಿಯ ಕಾಡಿನಲ್ಲಿ ಊರನ್ನು ಕಟ್ಟಿದವನಲ್ಲ, ಹಳೆಯ ಊರುಗಳ ನಡುವೆ ಪೇಟೆಯನ್ನು ನೆಲೆಗೊಳಿಸಿದವನು ಎಂದು ತಿಳಿದರೆ ಅವನ ದೂರದೃಷ್ಟಿಯು ಹೆಚ್ಚು ಸ್ಪಷ್ಟವಾಗುತ್ತದೆ.

೨೦೨೧ರಿಂದ ಈ ಕೆಲಸವು ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ನಡೆಯುತ್ತಿದೆ. ೧೯೦೯ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ಬೆಂಗಳೂರು ಶಾಸನಗಳ ತ್ರಿವಿಮ ಡಿಜಿಟಲ್ ಸಂರಕ್ಷಣಾ ಯೋಜನೆಗೆ ಉದಯಕುಮಾರರು ಗೌರವ ನಿರ್ದೇಶಕರು. ಹಿಂದೆ ಒದ್ದೆಯ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಕುಂಚದಿಂದ ತಟ್ಟಿ, ಮಸಿಯನ್ನು ಲೇಪಿಸಿ ಪಡಿಯಚ್ಚನ್ನು ತೆಗೆಯುತ್ತಿದ್ದರು. ಪಡಿಯಚ್ಚು ಉತ್ತಮವಾದ ಸಾಧನವೇ. ಆದರೆ ಸವೆದ ಕಲ್ಲಿನಲ್ಲಿ ಅಕ್ಷರದ ಗೆರೆಯಾವುದು, ಬಿರುಕಾವುದು ಎಂಬ ಸಂದೇಹವು ಅದರಲ್ಲಿ ಪೂರ್ತಿಯಾಗಿ ತೀರುವುದಿಲ್ಲ. ಶಿಲೆಯ ಮೇಲ್ಮೈಯನ್ನು ಯಂತ್ರದಿಂದ ಅಳೆದು ಗಣಕದಲ್ಲಿ ಅದರ ಪ್ರತಿರೂಪವನ್ನು ನಿರ್ಮಿಸಿದರೆ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ನೋಡಬಹುದು. ಒಂದು ಕಡೆಯ ಬೆಳಕಿನಲ್ಲಿ ಕಾಣದ ಗೆರೆಯು ಇನ್ನೊಂದು ಕಡೆಯ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಓದಿನಲ್ಲಿ ಭೇದವಿದ್ದವರು ದೂರದಲ್ಲಿದ್ದೇ ಅದನ್ನು ಪರೀಕ್ಷಿಸಬಹುದು. ಶಾಸನಗಳಲ್ಲಿನ ಒಂದೊಂದು ಅಕ್ಷರದ ರೂಪವನ್ನೂ ಕಲೆಹಾಕಿ 'ಅಕ್ಷರ ಭಂಡಾರ'ವೆಂಬ ತಂತ್ರಾಂಶವನ್ನು ಸಿದ್ಧಪಡಿಸಿರುವುದು ಲಿಪಿವಿಕಾಸವನ್ನು ಬೋಧಿಸುವ ಉಪಾಧ್ಯಾಯರಿಗೆ ನೇರವಾಗಿ ಉಪಯುಕ್ತವಾದ ವಿಷಯ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಶಾಸ್ತ್ರವನ್ನು ಕ್ರಮವಾಗಿ ಕಲಿಯದವರು ಶಾಸ್ತ್ರಕಾರ್ಯದಲ್ಲಿ ಪ್ರವರ್ತಿಸಬಹುದೇ? ಜನರಿಗೆ ರುಚಿಸುವಂತೆ ಹೇಳಹೊರಟರೆ ಪ್ರಮಾಣವು ಸಡಿಲವಾಗುವುದಿಲ್ಲವೇ? ಈ ಆಕ್ಷೇಪವು ಹಗುರವಾದುದಲ್ಲ. ವೃತ್ತಪತ್ರಿಕೆಗಳಲ್ಲಿ ಪ್ರತಿಯೊಂದು ಹೊಸ ಶಿಲೆಯೂ 'ಅತ್ಯಂತ ಪ್ರಾಚೀನ'ವಾಗಿ, ಪ್ರತಿಯೊಂದು ಊರೂ ಮತ್ತೊಂದಕ್ಕಿಂತ ಹಳೆಯದಾಗಿ ವರ್ಣಿತವಾಗುವುದನ್ನು ಕಂಡವರಿಗೆ ಈ ಸಂಶಯ ಸಹಜ. 'ಮೂವತ್ತು' ಎಂಬ ಸಂಖ್ಯೆಯನ್ನೇ ನೋಡಬಹುದು. ಅದನ್ನು ಮೂವತ್ತು ಗ್ರಾಮಗಳೆಂದು ಒಡನೆಯೇ ಅರ್ಥಮಾಡುವುದು ವಾಡಿಕೆಯಾಗಿದೆ. ನಾಡುಗಳ ಹೆಸರಿನ ಮುಂದೆ ಬರುವ ಸಂಖ್ಯೆಗಳು ಗ್ರಾಮಗಳನ್ನು ಹೇಳುತ್ತವೆಯೋ, ಕಂದಾಯದ ಪ್ರಮಾಣವನ್ನು ಹೇಳುತ್ತವೆಯೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ದೀರ್ಘವಾದ ಚರ್ಚೆ ನಡೆದಿದೆ. ಜನರಿಗೆ ಹೇಳುವಾಗ ಚರ್ಚೆಯು ಬಿಟ್ಟುಹೋಗಿ ನಿರ್ಣಯವೊಂದೇ ಉಳಿಯುವುದು ಲೋಕಪ್ರಚಾರದ ಸಹಜದೋಷ.

ಇದಕ್ಕೆ ಸಮಾಧಾನವು ಕಾರ್ಯದ ಸ್ವರೂಪದಲ್ಲಿಯೇ ಇದೆ. ಉದಯಕುಮಾರರ ಮಾರ್ಗದಲ್ಲಿ ಕೇಳುಗನ ಮುಂದೆ ಇಡುವುದು ನಿರ್ಣಯವನ್ನು ಮಾತ್ರವಲ್ಲ, ಪ್ರಮಾಣವನ್ನೇ. ಕಲ್ಲು ಇಲ್ಲಿದೆ, ಅಕ್ಷರ ಹೀಗಿದೆ, ರೈಸರು ಹೀಗೆ ಓದಿದ್ದಾರೆ, ನೀವೂ ಬಂದು ನೋಡಿ ಎನ್ನುವುದು ಈ ಮಾರ್ಗದ ಜೀವಾಳ. ಬೆಂದಕಾಳಿನ ಕಥೆಯನ್ನು ಕೇಳಿದವನು ಅದನ್ನು ಪರೀಕ್ಷಿಸಲಾರ. ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಹೋದವನು ಬೆಂಗಳೂರಿನ ಹೆಸರನ್ನು ಕಲ್ಲಿನಲ್ಲಿಯೇ ಕಾಣಬಲ್ಲ. ಐತಿಹ್ಯವನ್ನು ಪ್ರತ್ಯಕ್ಷದಿಂದ ಬಾಧಿಸುವ ಈ ಕ್ರಮವು ಶಾಸ್ತ್ರಕ್ಕೆ ವಿರುದ್ಧವಲ್ಲ, ಅನುಗುಣವೇ. ಅಲ್ಲದೆ, ಒಂದು ಶಾಸನವು ವಿದ್ವಾಂಸರ ಸಂಪುಟದಲ್ಲಿ ಅಚ್ಚಾದುದರಿಂದ ಕಲ್ಲು ಉಳಿಯಲಿಲ್ಲವೆಂಬುದನ್ನು ನೂರು ವರ್ಷಗಳ ಅನುಭವವು ತೋರಿಸಿದೆ. ಊರಿನವರಿಗೆ ಅದರ ಅರ್ಥ ತಿಳಿದ ಕಡೆಗಳಲ್ಲಿ ಕಲ್ಲು ಉಳಿಯುವ ಸಂಭವ ಹೆಚ್ಚಿತು. ಆದುದರಿಂದ ಲೋಕಪ್ರಚಾರವು ಸಂಶೋಧನೆಯ ಅನಂತರದ ಅಲಂಕಾರವಲ್ಲ. ಸಂಶೋಧನೆಯ ಸಾಮಗ್ರಿಯನ್ನು ಉಳಿಸುವ ಉಪಾಯ.

ಇಷ್ಟರಿಂದ ವಿಚಾರವು ಮುಗಿಯುವುದಿಲ್ಲ. ಶಿಲಾಶಾಸನವು ಹೇಳುವುದು ಕೆಲವು ವಿಷಯಗಳನ್ನು ಮಾತ್ರ. ವೀರನ ಮರಣ, ದೇವರಿಗೆ ಬಿಟ್ಟ ದತ್ತಿ, ಕಟ್ಟಿಸಿದ ಕೆರೆ, ಕೊಟ್ಟ ಮಾನ್ಯ ಇವು ಕಲ್ಲಿನಲ್ಲಿ ಬರೆಯತಕ್ಕುವೆಂದು ಎಣಿಸಿದ ವಿಷಯಗಳು. ಕೆರೆಯನ್ನು ಅಗೆದವರ ಹೆಸರು ಕಲ್ಲಿಗೆ ಏರುವುದು ವಿರಳ. ಊರಿನ ಕೊಳೆನೀರು ಎಲ್ಲಿಗೆ ಹರಿಯಿತೆಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಶಾಸನವನ್ನೇ ನಗರಚರಿತ್ರೆಯ ಮುಖ್ಯ ಆಧಾರವಾಗಿ ಜನರ ಮುಂದೆ ಇಟ್ಟಾಗ ನಗರವು ವೀರರ ಮತ್ತು ದಾನಿಗಳ ಊರಾಗಿಯೇ ಕಾಣುವ ಸಂಭವವಿದೆ. ಈ ನ್ಯೂನತೆಯು ಎಲ್ಲಿ ಪ್ರಕಟವಾಗುವುದೆಂಬುದನ್ನು ತಿಳಿಯಬೇಕಾದರೆ ನಗರದ ನಡುವಿನಿಂದ ನೋಡಿದರೆ ಸಾಲದು; ನಗರದ ಅಂಚಿನಿಂದ ನೋಡಬೇಕು. ಬಿಡದಿಗೆ ಸಮೀಪದ ಬೈರಮಂಗಲವು ಅದಕ್ಕೆ ತಕ್ಕ ಸ್ಥಳ.

ಬೈರಮಂಗಲಕ್ಕೂ ಬೆಂಗಳೂರಿಗೂ ಸಂಬಂಧವು ಹೊಸದಲ್ಲ. ರೈಸ್ ಸಾಹೇಬರ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು, ಮಾಗಡಿ, ಚನ್ನಪಟ್ಟಣ, ಕನಕಪುರ ಸೀಮೆಗಳ ಶಾಸನಗಳು ಒಂದೇ ರಟ್ಟಿನೊಳಗೆ ಇವೆ. ೧೬೩೮ರಲ್ಲಿ ವಿಜಾಪುರದ ರಣದುಲ್ಲಾಖಾನನ ಸೇನೆಗೆ ಬೆಂಗಳೂರು ಸೋತಾಗ ಕೆಂಪೇಗೌಡನ ವಂಶದವರು ಮಾಗಡಿಗೆ ಸರಿದು, ೧೭೨೮ರಲ್ಲಿ ಮೈಸೂರಿನವರು ಮಾಗಡಿಯನ್ನು ಗೆಲ್ಲುವವರೆಗೆ ಅಲ್ಲಿಂದಲೇ ಆಳಿದರು. ಕೆಂಪೇಗೌಡನದೆಂದು ಗುರುತಿಸಲಾದ ಸಮಾಧಿಯು ೨೦೧೫ರಲ್ಲಿ ಬೆಳಕಿಗೆ ಬಂದುದು ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ. ಹೀಗೆ ಬೆಂಗಳೂರಿನ ಸ್ಥಾಪಕರ ಚರಿತ್ರೆಯ ಅರ್ಧಭಾಗವು ಇತ್ತಕಡೆಯ ಬೆಟ್ಟಗುಡ್ಡಗಳ ನಡುವೆ ನಡೆದುದು. ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯೂ, ೨೦೦೭ರಲ್ಲಿ ರಾಮನಗರ ಜಿಲ್ಲೆಯೂ ಪ್ರತ್ಯೇಕವಾದುವು. ಆಡಳಿತದ ಈ ಗೆರೆಗಳು ಕ್ರಮೇಣ ಚರಿತ್ರೆಯ ಗೆರೆಗಳೂ ಆಗಿ, ನಗರದ ಚರಿತ್ರೆ ಎಂದರೆ ನಗರಪಾಲಿಕೆಯ ಎಲ್ಲೆಯೊಳಗಿನ ಚರಿತ್ರೆ ಎಂಬ ಭಾವನೆ ಓದುಗರಲ್ಲಿ ಬೇರೂರಿತು. ೨೦೨೫ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಡಲು ರಾಜ್ಯದ ಸಚಿವಸಂಪುಟವು ಒಪ್ಪಿತು. ಹೆಸರು ಮರಳಿ ಬಂದಿತು. ಹೆಸರಿನೊಡನೆ ಚರಿತ್ರೆಯೂ ಬಂದಿತೇ ಎಂಬುದು ಪ್ರಶ್ನೆ.

ಈ ಎರಡು ಸ್ಥಳಗಳನ್ನು ಜೋಡಿಸುವ ಇನ್ನೊಂದು ಸೂತ್ರವು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದಮೂಲದಲ್ಲಿ ಹುಟ್ಟಿದ ನದಿಯೆಂದು ಪರಂಪರೆಯು ಹೇಳುತ್ತದೆ. ಹೆಸರೂ ಅದಕ್ಕೆ ಹೊಂದುತ್ತದೆ. ನಗರದ ಪಶ್ಚಿಮಭಾಗವನ್ನು ಹಾದು, ಕೆಂಗೇರಿಯನ್ನು ದಾಟಿ, ಬಿಡದಿಯ ಬಳಿ ಬಂದು ಬೈರಮಂಗಲದ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿಗೂ, ಅರ್ಕಾವತಿಯ ಮೂಲಕ ಕಾವೇರಿಗೂ ಕೂಡುತ್ತದೆ. ೧೯೪೦ರ ದಶಕದಲ್ಲಿ ಬೈರಮಂಗಲದ ಜಲಾಶಯವನ್ನು ಕಟ್ಟಿದುದು ಸುತ್ತಣ ಗ್ರಾಮಗಳ ವ್ಯವಸಾಯಕ್ಕಾಗಿ. ನಗರವು ಬೆಳೆದಂತೆ ಹೊಳೆಯಲ್ಲಿ ಹರಿದುಬಂದುದು ಮಳೆಯ ನೀರಿಗಿಂತ ಹೆಚ್ಚಾಗಿ ನಗರದ ಚರಂಡಿಯ ನೀರು ಮತ್ತು ಕಾರ್ಖಾನೆಗಳು ಬಿಟ್ಟ ನೀರು. ನೀರು ಹೆಚ್ಚಿತು, ಕುಡಿಯುವ ಯೋಗ್ಯತೆ ಹೋಯಿತು. ಜಲಾಶಯದ ಮೇಲೆ ನೊರೆ ನಿಂತಿತು, ಬಾವಿಗಳು ಕೆಟ್ಟುವು, ಅಚ್ಚುಕಟ್ಟಿನಲ್ಲಿ ಬೆಳೆಯುವ ಪೈರು ಬದಲಾಯಿತು. ಹೆಬ್ಬಾಳದಲ್ಲಿ ಚರಂಡಿಯ ಅಗೆತವು ಕಿತ್ತಯ್ಯನ ಕಲ್ಲನ್ನು ಬೆಳಕಿಗೆ ತಂದಿತು. ನಗರದ ಇನ್ನೊಂದು ಕಡೆಯಲ್ಲಿ ಚರಂಡಿಗಳ ನೀರೇ ಒಂದು ನದಿಯ ಚರಿತ್ರೆಯನ್ನು ಮುಚ್ಚಿತು. ಎರಡೂ ಬೆಂಗಳೂರಿನ ಚರಿತ್ರೆಯೇ. ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಬಿಟ್ಟ ನಗರಚರಿತ್ರೆಯು ಪೂರ್ವಾರ್ಧವನ್ನು ಬರೆದು ಉತ್ತರಾರ್ಧವನ್ನು ಬಿಟ್ಟ ಗ್ರಂಥದಂತೆ.

ಈಗ ಬೈರಮಂಗಲದಲ್ಲಿ ಇನ್ನೊಂದು ಸಂಗತಿಯೂ ಒದಗಿದೆ. ಬಿಡದಿಯ ಉಪನಗರ ಯೋಜನೆಗಾಗಿ ಬೈರಮಂಗಲ ಮತ್ತು ಕಂಚುಗಾರನಹಳ್ಳಿ ಗ್ರಾಮಪಂಚಾಯತಿಗಳ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲು ೨೦೨೫ರಲ್ಲಿ ಅಧಿಸೂಚನೆ ಹೊರಟಿತು. ರೈತರು ವಿರೋಧವನ್ನು ಸೂಚಿಸಿ ಧರಣಿ ಕುಳಿತರು. ಯೋಜನೆಯ ಯುಕ್ತಾಯುಕ್ತವಿಚಾರವು ಈ ಲೇಖನಕ್ಕೆ ಸೇರಿದುದಲ್ಲ. ಆದರೆ ನಗರಚರಿತ್ರೆಯ ವಿಮರ್ಶೆಗೆ ಇದೊಂದು ನಿಕಷ. ಹೆಬ್ಬಾಳ, ಬೇಗೂರು ಮೊದಲಾದ ಊರುಗಳಲ್ಲಿ ಗ್ರಾಮವು ನಗರದಲ್ಲಿ ಅಡಗಿಹೋದ ಮೇಲೆ ಉಳಿದ ಕಲ್ಲುಗಳನ್ನು ಎಣಿಸಬೇಕಾಯಿತು. ಬೈರಮಂಗಲದಲ್ಲಿ ಗ್ರಾಮವಿನ್ನೂ ಇದೆ; ಹೊಲಗಳ ಹೆಸರುಗಳು ಜನರ ಬಾಯಲ್ಲಿವೆ; ತೂಬು, ಕೋಡಿ, ಕಾಲುವೆಗಳನ್ನು ಬಲ್ಲ ಹಿರಿಯರಿದ್ದಾರೆ. ಗುಡಿಯ ಮುಂದಿನ ಕಲ್ಲು, ಹೊಲದ ಬದುವಿನ ಕಲ್ಲು, ಗ್ರಾಮನಕ್ಷೆ, ಕಂದಾಯದ ಕಾಗದ, ನೀರಾವರಿ ಇಲಾಖೆಯ ಕಡತ, ಹಿರಿಯರ ನೆನಪು ಇವೆಲ್ಲವನ್ನೂ ನಗರವು ಬಂದು ಮುಟ್ಟುವ ಮೊದಲೇ ಸಂಗ್ರಹಿಸಲು ಅವಕಾಶವಿದೆ. ಬೆಂಗಳೂರಿನ ವಿಷಯದಲ್ಲಿ ರೈಸ್ ಸಾಹೇಬರಿಗೆ ೧೯೦೫ರಲ್ಲಿ ದೊರೆತ ಅವಕಾಶವೇ ಇದು. ವ್ಯತ್ಯಾಸವೆಂದರೆ, ಮುಂದೆ ಏನಾಗುವುದೆಂಬುದು ಅವರಿಗೆ ತಿಳಿದಿರಲಿಲ್ಲ, ಈಗಿನವರಿಗೆ ತಿಳಿದಿದೆ.

ಹೆಸರೊಂದನ್ನೇ ಹಿಡಿದು ಚರಿತ್ರೆಯನ್ನು ಕಟ್ಟುವ ಪ್ರಲೋಭನವು ಇಲ್ಲಿಯೂ ಇದೆ. ಬೈರ ಎಂಬುದು ಭೈರವಶಬ್ದದ ತದ್ಭವ. ಮಂಗಲವೆಂಬ ಉತ್ತರಪದವು ಚೋಳರ ಕಾಲದ ಚತುರ್ವೇದಿಮಂಗಲಗಳನ್ನು ನೆನಪಿಗೆ ತರುತ್ತದೆ. ಇಷ್ಟರಿಂದಲೇ ಊರನ್ನು ಚೋಳರ ಅಗ್ರಹಾರವೆಂದು ಸಾರಿದರೆ ಅದು ಬೆಂದಕಾಳೂರಿನ ಕಥೆಯ ತಮ್ಮನಾದೀತು. ಶಬ್ದವು ದಾರಿಯನ್ನು ತೋರಿಸಬಹುದು; ಸಾಕ್ಷ್ಯವನ್ನು ನುಡಿಯಬೇಕಾದುದು ಕಲ್ಲು ಮತ್ತು ಕಾಗದ. ಈ ಎಚ್ಚರವನ್ನು ಬೆಂಗಳೂರಿನ ಓದುಗರಿಗೆ ಕಲಿಸಿದುದೇ ಉದಯಕುಮಾರರ ಮಾರ್ಗದ ದೊಡ್ಡ ಲಾಭ. ಮೇಲೆ ಹೇಳಿದ ನ್ಯೂನತೆಯು ಅವರ ಮೇಲಣ ಆಕ್ಷೇಪವಲ್ಲ. ಅವರು ಹಿಡಿದ ದಾರಿಯನ್ನು ಅದು ಸಾಗಬೇಕಾದ ದೂರದವರೆಗೆ ಸಾಗಿಸಬೇಕೆಂಬ ಸೂಚನೆ. ಬೆಂಗಳೂರೆಂಬುದು ಅನೇಕ ಗ್ರಾಮಗಳ ಸಮುದಾಯವೆಂಬುದನ್ನು ಶಾಸನಗಳ ಮೂಲಕ ಜನರಿಗೆ ತೋರಿಸಿದವರು ಅವರು. ಆ ಸಿದ್ಧಾಂತವನ್ನು ಒಪ್ಪಿದ ಮೇಲೆ ನಗರವು ಈಗ ಸೇರಿಸಿಕೊಳ್ಳುತ್ತಿರುವ ಗ್ರಾಮಗಳನ್ನು ಅದರಿಂದ ಹೊರಗಿಡಲು ಕಾರಣವಿಲ್ಲ.

ಸಾಹಿತ್ಯ ಮತ್ತು ಚರಿತ್ರೆಗಳನ್ನು ಬೋಧಿಸುವ ಉಪಾಧ್ಯಾಯರಿಗೆ ಇದರಲ್ಲಿ ಕರ್ತವ್ಯವೊಂದು ಒದಗುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಪಾಠಶಾಲೆಗಳಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವನ್ನು ತೆರೆದು, ತಮ್ಮ ತಮ್ಮ ಊರಿನ ಶಾಸನಗಳು ಇಂದು ಎಲ್ಲಿವೆ ಎಂಬುದನ್ನು ವಿದ್ಯಾರ್ಥಿಗಳೊಡನೆ ಹೋಗಿ ನೋಡುವುದು ಕಷ್ಟಸಾಧ್ಯವಲ್ಲ. ಅದರ ಜೊತೆಗೆ ಕೆರೆ, ಕಾಲುವೆ, ಹೊಲಗಳ ಹೆಸರುಗಳನ್ನೂ, ನೀರು ಕೆಟ್ಟ ಕಾಲವನ್ನು ಕಂಡ ಹಿರಿಯರ ಮಾತುಗಳನ್ನೂ, ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದರೊಡನೆ ಬರೆದಿಡಬೇಕು. ಹೇಳಿದವರ ಹೆಸರು ಉಳಿದ ಮಾತು ಐತಿಹ್ಯವಾಗದೆ ಸಾಕ್ಷ್ಯವಾಗುತ್ತದೆ. ಅಂಥ ಬರಹಗಳು ಬೈರಮಂಗಲದಲ್ಲಿ ಮನೆಗಳ ತಳಪಾಯ ಬೀಳುವ ಮೊದಲು ಸಿದ್ಧವಾದರೆ, ಬೆಂಗಳೂರಿನ ಚರಿತ್ರೆಯಲ್ಲಿ ಗ್ರಾಮವೊಂದು ಕಲ್ಲಾಗಿ ಮಾತ್ರವಲ್ಲದೆ ಊರಾಗಿಯೂ ಉಳಿದಂತಾಗುವುದು.